ಪಾತ್ರಧಾರಣೆಯ ಆಟವೂ ಗಣಕಯಂತ್ರವೂ: ಕೆಲವು ತಪ್ಪು ಕಲ್ಪನೆಗಳು, ಅವುಗಳ ಸತ್ಯ

ನಾಲ್ಕೈದು ಮಂದಿ ಸ್ನೇಹಿತರು ಮೇಜಿನ ಸುತ್ತಲೋ ಜಮಖಾನದ ಮೇಲೋ ಕುಳಿತು, ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ತಾಳಿ, ಆ ಪಾತ್ರದ ಬಾಯಿಂದಲೇ ಮಾತನಾಡುತ್ತ, ಸಂದಿಗ್ಧವಾದ ಪ್ರತಿಯೊಂದು ಸಾಹಸದ ಫಲವನ್ನೂ ದಾಳದ ತೀರ್ಪಿಗೆ ಒಪ್ಪಿಸಿ, ಯಾರೂ ಮುಂಚಿತವಾಗಿ ಬರೆದಿಡದ ಕಥೆಯೊಂದನ್ನು ಎಲ್ಲರೂ ಕೂಡಿ ಕಟ್ಟುವ ವಿನೋದವೇ ಪಾತ್ರಧಾರಣೆಯ ಆಟ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬುವರು 1974ರಲ್ಲಿ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಇದರ ಆದಿಗ್ರಂಥ. ಔರಾದ್ ತಾಲೂಕಿನಿಂದ ಬೇರ್ಪಟ್ಟು ತಾನೇ ತಾಲೂಕಾಗಿರುವ ಗಡಿಯ ಕಮಲನಗರದಂಥ ಊರಿಗೆ ಈ ಆಟ ಹೊಸತು. ಆದರೆ ಓದಿಗೂ ಉದ್ಯೋಗಕ್ಕೂ ಬೀದರ್, ಉದಗೀರ, ಹೈದರಾಬಾದ್, ಪುಣೆಗಳಿಗೆ ಚದರಿಹೋಗುವ ಇಲ್ಲಿಯ ತರುಣರನ್ನು ವಾರಕ್ಕೊಮ್ಮೆ ಒಂದೇ ಕಥೆಯೊಳಗೆ ಕೂಡಿಸಬಲ್ಲ ಶಕ್ತಿ ಇಂದಿನ ಯಂತ್ರಸಾಧನಗಳಿಗೆ ಇರುವುದರಿಂದ, ಆ ಸಾಧನಗಳ ವಿಷಯದಲ್ಲಿ ಹಬ್ಬಿರುವ ಭ್ರಮೆಗಳನ್ನು ನಿವಾರಿಸುವುದು ಅವಶ್ಯವೆಂದು ನಾನು ಭಾವಿಸುತ್ತೇನೆ.

ತಪ್ಪು ಕಲ್ಪನೆ: ಯಂತ್ರ ಬಂದೊಡನೆ ಇದು ಮತ್ತೊಂದು ಮೊಬೈಲ್ ಆಟವಾಗುತ್ತದೆ.

ಸತ್ಯ: ಮೊಬೈಲ್ ಆಟದಲ್ಲಿ ಆಟಗಾರನು ಮಾಡಬಹುದಾದುದನ್ನೆಲ್ಲ ಅದನ್ನು ರಚಿಸಿದವರು ಮೊದಲೇ ಗೊತ್ತುಮಾಡಿರುತ್ತಾರೆ, ಕೋಟೆಯ ಬಾಗಿಲನ್ನು ಒಡೆಯುವ ಬದಲು ಕಾವಲುಗಾರನ ಮಗಳ ಮದುವೆಗೆ ನೆರವಾಗಿ ಅವನ ವಿಶ್ವಾಸವನ್ನು ಗಳಿಸುತ್ತೇನೆಂದರೆ ಅಲ್ಲಿ ಕೇಳುವವರಿಲ್ಲ. ಪಾತ್ರಧಾರಣೆಯ ಆಟದಲ್ಲಿಯಾದರೋ, ‘ಗೇಮ್ ಮಾಸ್ಟರ್’ ಎಂದು ಕರೆಯಲ್ಪಡುವ ಸೂತ್ರಧಾರನು ಆ ಮಾತನ್ನು ಕೇಳಿ, ತೂಗಿ, ಕಥೆಯನ್ನು ಆ ದಿಕ್ಕಿಗೇ ತಿರುಗಿಸುತ್ತಾನೆ. ಕರಾವಳಿಯ ತಾಳಮದ್ದಳೆಯಲ್ಲಿ ಪ್ರಸಂಗ ಗೊತ್ತಿದ್ದರೂ ಅರ್ಥಧಾರಿಯ ಮಾತು ಆ ಕ್ಷಣದಲ್ಲಿಯೇ ಹುಟ್ಟುವುದನ್ನು ಬಲ್ಲವರಿಗೆ ಈ ಸ್ವಾತಂತ್ರ್ಯದ ಸ್ವಾರಸ್ಯ ಬೇಗನೆ ತಿಳಿಯುತ್ತದೆ. 2004ರ ಫ್ಯಾಂಟಸಿ ಗ್ರೌಂಡ್ಸ್, 2012ರ ರೋಲ್20, 2020ರ ಫೌಂಡ್ರಿ ಮೊದಲಾದ, ಈ ಆಟವನ್ನು ಗಣಕದ ಮೂಲಕ ಆಡಿಸುವ ಸಾಧನಗಳು ಒದಗಿಸುವುದು ನಕ್ಷೆ, ಕಾಯಿ, ದಾಳ ಮತ್ತು ಲೆಕ್ಕದ ಪುಟಗಳನ್ನು ಮಾತ್ರ. ಕಥೆಯ ಕರ್ತೃತ್ವ ಕುಳಿತವರದೇ.

ತಪ್ಪು ಕಲ್ಪನೆ: ಶುದ್ಧವಾದ ಕಾಗದದ ಆಟವನ್ನು ಗಣಕಯಂತ್ರ ಇತ್ತೀಚೆಗೆ ಆಕ್ರಮಿಸಿತು.

ಸತ್ಯ: ಇವೆರಡರ ಸಹವಾಸ ಆಟದ ಶೈಶವದಷ್ಟೇ ಹಳೆಯದು. ಮೂಲಗ್ರಂಥ ಪ್ರಕಟವಾದ ಮರುವರ್ಷ, ಅಂದರೆ 1975ರಲ್ಲಿಯೇ, ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿ ಬೋಧನೆಗಾಗಿ ಮೀಸಲಾಗಿದ್ದ ‘ಪ್ಲೇಟೊ’ ಎಂಬ ಗಣಕವ್ಯವಸ್ಥೆಯ ಮೇಲೆ ವಿದ್ಯಾರ್ಥಿಗಳು ಆ ಆಟದ ಅನುಕರಣಗಳನ್ನು ರಚಿಸಿದ್ದರು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ ಅನೇಕರು ಏಕಕಾಲಕ್ಕೆ ಪ್ರವೇಶಿಸಬಹುದಾದ ‘ಮಡ್’ ಎಂಬ ಅಕ್ಷರರೂಪದ ಲೋಕ ಆರಂಭವಾಯಿತು. ಹೀಗೆ ಅರ್ಧ ಶತಮಾನ ಜೊತೆಯಲ್ಲಿ ನಡೆದರೂ ಮೇಜಿನ ಆಟ ಅಳಿದಿಲ್ಲವೆಂಬುದೇ ಅದರ ಸತ್ತ್ವಕ್ಕೆ ಸಾಕ್ಷಿ.

ತಪ್ಪು ಕಲ್ಪನೆ: ಯಂತ್ರದ ದಾಳ ಮೋಸದ್ದು, ಕೈಯಿಂದ ಎಸೆದದ್ದೇ ನಿಷ್ಪಕ್ಷಪಾತ.

ಸತ್ಯ: ಈ ಭ್ರಮೆ ಎಲ್ಲಕ್ಕಿಂತ ಬಲವಾದದ್ದು, ಆದಕಾರಣ ಇದನ್ನು ಸ್ವಲ್ಪ ನಿಧಾನವಾಗಿ ವಿಚಾರಿಸಬೇಕು. ನಮ್ಮ ಚೌಕಾಬಾರದಲ್ಲಿ ನಾಲ್ಕು ಕವಡೆಗಳನ್ನು ಎಸೆಯುತ್ತೇವಷ್ಟೆ. ಪ್ರತಿ ಕವಡೆಯೂ ಅಂಗಾತವಾಗಿ ಬೀಳುವ ಸಂಭವ ಬೋರಲಾಗಿ ಬೀಳುವ ಸಂಭವಕ್ಕೆ ಸಮನಾಗಿದ್ದರೆ, ನಾಲ್ಕೂ ಅಂಗಾತವಾಗಿ ಬೀಳುವ ಚೌಕವೂ ನಾಲ್ಕೂ ಬೋರಲಾಗಿ ಬೀಳುವ ಬಾರವೂ ತಲಾ 16ರಲ್ಲಿ ಒಮ್ಮೆ ಬರಬೇಕು. ಆದರೆ ಕವಡೆಯ ಒಂದು ಬದಿ ಉಬ್ಬು, ಇನ್ನೊಂದು ಬದಿ ಚಪ್ಪಟೆ. ಒಂದು ಕವಡೆಯ ತೂಕ ಮತ್ತೊಂದಕ್ಕಿಲ್ಲ. ಒಂದು ಬದಿಯನ್ನು ಕಲ್ಲಿಗೆ ತಿಕ್ಕಿ ಬಿಳುಪಾಗಿಸಿದ ಹುಣಿಸೆ ಬೀಜಗಳೂ ಹಾಗೆಯೇ. ಆದುದರಿಂದ ನಿಸರ್ಗದ ದಾಳಕ್ಕೂ ತನ್ನದೇ ಆದ ಒಲವು ಇರುತ್ತದೆ. ಕಾರ್ಖಾನೆಯ ಪ್ಲಾಸ್ಟಿಕ್ ದಾಳವೂ ಅಂಚು ಸವೆದು, ಒಳಗೆ ಗಾಳಿಗುಳ್ಳೆ ಉಳಿದು, ಅಷ್ಟಿಷ್ಟು ಓರೆಯಾಗುವುದುಂಟು.

ಯಂತ್ರವಾದರೋ ಒಂದು ಮೂಲಸಂಖ್ಯೆಯಿಂದ ಹೊರಟು, ಗಣಿತಸೂತ್ರದ ಬಲದಿಂದ ಸಂಖ್ಯೆಗಳ ಸರಣಿಯನ್ನು ಹೆಣೆಯುತ್ತದೆ. 1997ರಲ್ಲಿ ಜಪಾನಿನ ಮತ್ಸುಮೊತೊ ಮತ್ತು ನಿಶಿಮುರ ಎಂಬ ಗಣಿತಜ್ಞರು ರೂಪಿಸಿದ ‘ಮೆರ್ಸೆನ್ ಟ್ವಿಸ್ಟರ್’ ಎಂಬ ಸೂತ್ರದ ಸರಣಿ ಮೊದಲಿನಿಂದ ಪುನರಾವೃತ್ತವಾಗುವುದಕ್ಕೆ ಮುನ್ನ ನೀಡುವ ಸಂಖ್ಯೆಗಳನ್ನು ಎಣಿಸಿದರೆ, ಆ ಎಣಿಕೆಯನ್ನು ಬರೆಯುವುದಕ್ಕೇ 6,002 ಅಂಕಿಗಳು ಬೇಕು. ಸರಿಯಾಗಿ ರಚಿತವಾದ ಇಂಥ ದಾಳದ ಮುಖಗಳಲ್ಲಿ ಪಕ್ಷಪಾತ ಕಾಣದು. ಹಾಗಿದ್ದರೂ ಮೋಸವಾಯಿತೆಂದು ನಮಗೇಕೆ ಅನಿಸುತ್ತದೆ? 20 ಮುಖಗಳ ದಾಳವನ್ನು 20 ಸಲ ಎಸೆದರೂ 20 ಎಂಬ ಅಂಕ ಒಮ್ಮೆಯೂ ಬಾರದಿರುವ ಸಂಭವ ನೂರಕ್ಕೆ ಸುಮಾರು 36ರಷ್ಟಿದೆ. ಅದೃಷ್ಟವು ಸಮನಾಗಿ ಹಂಚಿಕೆಯಾಗಬೇಕೆಂದು ಮನಸ್ಸು ನಿರೀಕ್ಷಿಸುತ್ತದೆ; ಯಾದೃಚ್ಛಿಕತೆಗೆ ಆ ಸೌಜನ್ಯವಿಲ್ಲ. ಕೈಯಲ್ಲಿ ದಾಳವನ್ನು ಕುಲುಕುವ ಸುಖಕ್ಕಾಗಿ ನಿಜವಾದ ದಾಳವನ್ನೇ ಆರಿಸಿಕೊಳ್ಳುವುದು ಯುಕ್ತವೇ ಸರಿ. ನ್ಯಾಯದ ಹೆಸರಿನಲ್ಲಿ ಆರಿಸಿಕೊಳ್ಳಬೇಕಾದ ಕಾರಣವಿಲ್ಲ.

ತಪ್ಪು ಕಲ್ಪನೆ: ದುಬಾರಿ ಯಂತ್ರವೂ ವೇಗದ ಅಂತರ್ಜಾಲವೂ ಇಲ್ಲದ ಊರಿಗೆ ಇದು ಎಟುಕದು.

ಸತ್ಯ: ಆಟದ ಪ್ರಾಣ ಧ್ವನಿ, ಧ್ವನಿಗೆ ಬೇಕಾದದ್ದು ಅತ್ಯಲ್ಪ. ಓಪಸ್ ಎಂಬ ಧ್ವನಿಸಂಕೇತ ಪದ್ಧತಿಯಲ್ಲಿ ಸೆಕೆಂಡಿಗೆ 24 ಕಿಲೋಬಿಟ್ಟಿನಂತೆ ಒಬ್ಬರ ಮಾತು ಒಂದು ಗಂಟೆ ಎಡೆಬಿಡದೆ ಹರಿದರೂ ಅದು 11 ಎಂಬಿಯನ್ನು ಮೀರುವುದಿಲ್ಲ. ಚಿತ್ರವನ್ನು ಬಿಟ್ಟು ಮಾತನ್ನು ಮಾತ್ರ ಉಳಿಸಿಕೊಂಡರೆ ಸಾಧಾರಣ ಮೊಬೈಲೇ ಸಾಕು. ವಿದ್ಯುತ್ತೂ ಸಂಪರ್ಕವೂ ಕೈಕೊಡುವ ದಿನಗಳಿಗಾಗಿ ಇನ್ನೊಂದು ಕ್ರಮವುಂಟು: ಗುಂಪಿಗೆ ದಿನಕ್ಕೊಂದು ಸಂದೇಶದಂತೆ ಪ್ರತಿಯೊಬ್ಬರೂ ತಮ್ಮ ಪಾತ್ರದ ನಡೆಯನ್ನು ಬರೆದು ಕಳುಹಿಸುವುದು. ಕಥೆ ಮೆಲ್ಲಗೆ ಸಾಗುತ್ತದೆ. ಆದರೆ ಹಗಲೆಲ್ಲ ತೊಗರಿಯ ರಾಶಿಯಲ್ಲಿ ದುಡಿದವನೂ ರಾತ್ರಿ ಬಿಡುವಾದಾಗ ಅದರಲ್ಲಿ ಪಾಲ್ಗೊಳ್ಳಬಹುದು.

ತಪ್ಪು ಕಲ್ಪನೆ: ಇದನ್ನು ಇಂಗ್ಲಿಷಿನಲ್ಲಲ್ಲದೆ ಆಡಲಾಗದು.

ಸತ್ಯ: ಕನ್ನಡ ಲಿಪಿಗೆ 1991ರ ಮೊದಲನೆಯ ಯೂನಿಕೋಡ್ ಆವೃತ್ತಿಯಲ್ಲಿಯೇ ಸ್ಥಾನ ದೊರೆತಿದೆ; ಯೂನಿಕೋಡಿನಲ್ಲಿ ಬರೆದ ಪಾತ್ರವಿವರ ಇಂದಿನ ಬಹುತೇಕ ಮೊಬೈಲುಗಳಲ್ಲಿ ತೆರೆದುಕೊಳ್ಳುತ್ತದೆ. ಯೂನಿಕೋಡಲ್ಲದ ಹಳೆಯ ಅಕ್ಷರಶೈಲಿಗಳಲ್ಲಿ ಬರೆದದ್ದು ಮಾತ್ರ ಇನ್ನೊಬ್ಬರ ಯಂತ್ರದಲ್ಲಿ ಅರ್ಥವಿಲ್ಲದ ಗೀಟುಗಳಾಗಿ ತೋರುತ್ತದೆ. ಆ ಎಚ್ಚರವಿದ್ದರೆ ಸಾಕು. ನಿಯಮಗಳ ಹಕ್ಕಿನ ಭಯವೂ ಈಗ ನಿರಾಧಾರ: ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಐದನೆಯ ಆವೃತ್ತಿಯ ಮೂಲನಿಯಮಗಳ ಸಂಗ್ರಹವನ್ನು ಅದರ ಒಡೆಯರು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿರುವುದರಿಂದ, ಮೂಲವನ್ನು ಸ್ಮರಿಸಿ ಯಾರು ಬೇಕಾದರೂ ಅದನ್ನು ಕನ್ನಡಿಸಿ ಹಂಚಬಹುದು. ಕನ್ನಡದೊಡನೆ ಮರಾಠಿಯೂ ಉರ್ದುವೂ ಬಾಯಲ್ಲಿ ಬೆರೆಯುವ ಕಮಲನಗರದಲ್ಲಿ, ಕಥೆಯ ವರ್ತಕನೊಬ್ಬ ಒಂದು ನುಡಿಯಲ್ಲಿಯೂ ಕೋಟೆಯ ಅಧಿಕಾರಿ ಮತ್ತೊಂದರಲ್ಲಿಯೂ ಮಾತನಾಡುವ ಸಹಜ ಸಂಪತ್ತು ಕೈಯಳತೆಯಲ್ಲಿಯೇ ಇದೆ.

ತಪ್ಪು ಕಲ್ಪನೆ: ಕೃತಕ ಬುದ್ಧಿಮತ್ತೆ ಬಂದಿರುವುದರಿಂದ ಸೂತ್ರಧಾರನೇ ಬೇಕಿಲ್ಲ.

ಸತ್ಯ: 2019ರ ‘ಎಐ ಡಂಜನ್’ ಮೊದಲ್ಗೊಂಡು ಕಥೆ ಹೇಳುವ ಯಂತ್ರಗಳು ಬಂದಿವೆ, ಅವು ನಿರರ್ಗಳವಾಗಿ ಹೇಳುತ್ತವೆಯೆಂಬುದೂ ನಿಜ. ಆದರೆ ಈ ಯಂತ್ರವು ಹಿಂದಿನ ಪದಗಳನ್ನು ಅನುಸರಿಸಿ ಮುಂದಿನ ಪದವನ್ನು ಊಹಿಸುವಂಥದು. ಒಮ್ಮೆಗೆ ಅದರ ದೃಷ್ಟಿಗೆ ನಿಲುಕುವ ಪಠ್ಯಕ್ಕೆ ಮಿತಿಯುಂಟಾದ್ದರಿಂದ, ಮೊದಲ ವಾರ ಕೊಟ್ಟ ಭಾಷೆಯನ್ನು ಹತ್ತನೆಯ ವಾರ ಮರೆಯಬಲ್ಲದು. ಬಹಮನಿ ಕಾಲದ ಬೀದರಿನಲ್ಲಿ ಕಥೆಯನ್ನು ನಿಲ್ಲಿಸಿದೆವೆನ್ನೋಣ: 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ 1481ರಲ್ಲಿ ಸುಲ್ತಾನನ ಆಜ್ಞೆಯಿಂದ ಹತನಾದನೆಂಬ ಇತಿಹಾಸವನ್ನು ಅದು ತಪ್ಪಾಗಿ, ಆದರೆ ಪೂರ್ಣ ಆತ್ಮವಿಶ್ವಾಸದಿಂದ ಹೇಳಿಬಿಡಬಹುದು. ಊರುಗಳಿಗೆ ಹೆಸರು, ಸಣ್ಣ ಪಾತ್ರಗಳಿಗೆ ವರ್ಣನೆ ಮುಂತಾದ ಸಹಾಯಕ್ಕೆ ಅದನ್ನು ಬಳಸಬಹುದು, ಬಂದದ್ದನ್ನು ಪರೀಕ್ಷಿಸಿ. ಹೊಸದಾಗಿ ಸೇರಿದ ಹುಡುಗಿ ಬಹಳ ಹೊತ್ತಿನಿಂದ ಮೌನವಾಗಿದ್ದಾಳೆಂಬುದನ್ನು ಗ್ರಹಿಸಿ, ಕಥೆಯನ್ನು ಅವಳ ಪಾತ್ರದ ಬಾಗಿಲಿಗೆ ಒಯ್ಯುವ ಸಹೃದಯತೆ ಮಾತ್ರ ಸೂತ್ರಧಾರನ ಧರ್ಮ.

ಈ ಎಲ್ಲ ಭ್ರಮೆಗಳ ಮೂಲ ಒಂದೇ: ಉಪಕರಣವನ್ನೇ ಆಟವೆಂದು ತಿಳಿಯುವುದು. ಎಣಿಕೆ, ದಾಖಲೆ, ದೂರದವರ ಸಂಪರ್ಕ, ಇವು ಯಂತ್ರಕ್ಕೆ ಸಲ್ಲುವ ಕೆಲಸಗಳು. ಕಲ್ಪನೆ, ವಿವೇಕ, ಪರಸ್ಪರ ವಿಶ್ವಾಸ, ಇವು ಮನುಷ್ಯರಿಗೆ. ಈ ವಿಭಾಗವನ್ನು ಮನಸ್ಸಿನಲ್ಲಿಟ್ಟುಕೊಂಡು ಆರಂಭಿಸುವವರು ಮೊದಲು ನಾಲ್ವರನ್ನು ಕೂಡಿಸಲಿ, ಒಂದು ಕಥಾಸಂದರ್ಭವನ್ನು ನಿಶ್ಚಯಿಸಲಿ, ಕಾಗದದ ಮೇಲೆ ಪಾತ್ರಗಳನ್ನು ಬರೆಯಲಿ; ಆಡುತ್ತ ಆಡುತ್ತ ಯಾವ ಕೆಲಸ ಭಾರವಾಗಿ ಕಥೆಯನ್ನು ತಡೆಯುತ್ತದೆಯೋ ಅದೊಂದನ್ನು ಮಾತ್ರ ಯಂತ್ರಕ್ಕೆ ಒಪ್ಪಿಸಲಿ.