ಅಂಗಳದ ರಂಗೋಲಿಯೂ ಶಾಲೆಯ ಗಣಕಯಂತ್ರವೂ

ಮುಂಜಾನೆ ಐದೂವರೆ ಗಂಟೆ. ಶಿಡ್ಲಘಟ್ಟದ ಕಡೆಯ ಯಾವ ಹಳ್ಳಿಯ ಬೀದಿಯಲ್ಲಿ ನಿಂತರೂ ಕಾಣಬಹುದಾದ ನೋಟವಿದು. ನೀರು ಚಿಮುಕಿಸಿ ಸಾರಿಸಿದ ಅಂಗಳ. ಬಗ್ಗಿ ಚುಕ್ಕಿ ಇಡುತ್ತಿರುವ ಹದಿಮೂರು ಹದಿನಾಲ್ಕು ವರ್ಷದ ಹುಡುಗಿ. ಕೈಯಲ್ಲಿ ಪುಸ್ತಕವಿಲ್ಲ, ಅಳತೆಗೋಲಿಲ್ಲ. ನೋಡುನೋಡುತ್ತಿದ್ದಂತೆ ಎಳೆಗಳು ಚುಕ್ಕಿಗಳನ್ನು ಬಳಸಿಕೊಂಡು ಹೋಗಿ, ಹೊರಟ ಜಾಗಕ್ಕೇ ಬಂದು ಕೂಡಿಕೊಳ್ಳುತ್ತವೆ.

ಅದೇ ಹುಡುಗಿಯನ್ನು ಅದೇ ದಿನ ಮಧ್ಯಾಹ್ನ ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ನೋಡಬೇಕು. ಒಂದು ಯಂತ್ರದ ಮುಂದೆ ನಾಲ್ವರು. ನಡುವೆ ಕುಳಿತ ಹುಡುಗನ ಕೈಯಲ್ಲಿ ಮೌಸು. ಬೆಂಚಿನ ತುದಿಯಲ್ಲಿರುವ ಈಕೆ ಕತ್ತು ಉದ್ದಮಾಡಿ ಪರದೆಯನ್ನು ನೋಡುತ್ತಾಳೆ; ಉಪಾಧ್ಯಾಯರು ಹೇಳಿದ ವ್ಯಾಖ್ಯೆಗಳನ್ನು ದುಂಡಗಿನ ಅಕ್ಷರದಲ್ಲಿ ಬರೆದುಕೊಳ್ಳುತ್ತಾಳೆ. ಪರೀಕ್ಷೆಯಲ್ಲಿ ಆಕೆಗೇ ಹೆಚ್ಚು ಅಂಕ ಬಂದರೂ ಬರಬಹುದು. ಆದರೆ ವರ್ಷ ಕಳೆದರೂ ಕೀಲಿಮಣೆಯನ್ನು ಆಕೆ ಮುಟ್ಟಿರುವುದಿಲ್ಲ. ಕೇಳಿದರೆ, "ನನಗೆ ಕಂಪ್ಯೂಟರು ಬರುವುದಿಲ್ಲ" ಎನ್ನುತ್ತಾಳೆ.

ಬರುವುದಿಲ್ಲವೆ? ಬೆಳಗ್ಗೆ ಅಂಗಳದಲ್ಲಿ ಆಕೆ ಮಾಡಿದ್ದೇನು? ವಾರಪತ್ರಿಕೆಗಳ ಮಹಿಳಾ ಪುಟ ಓದುವ ಗೃಹಿಣಿಯರಿಗೆ ರಂಗೋಲಿಯ ಅಡಿಯಲ್ಲಿ ಅಚ್ಚಾಗುವ ಒಂದು ಸಾಲು ಚೆನ್ನಾಗಿ ಗೊತ್ತು: "೧೩ ರಿಂದ ೭, ಸಂದು ಚುಕ್ಕಿ." ಮೊದಲು ನಡುವೆ ೧೩ ಚುಕ್ಕಿ ಇಡು. ಆಮೇಲೆ ಎರಡು ಮಗ್ಗುಲಿಗೂ ಒಂದೊಂದು ಸಾಲು ಸೇರಿಸುತ್ತ ಹೋಗು. ಪ್ರತಿ ಸಾಲಿನಲ್ಲಿಯೂ ಒಂದು ಚುಕ್ಕಿ ಕಡಿಮೆ ಮಾಡು. ಹೊಸ ಚುಕ್ಕಿ ಹಿಂದಿನ ಸಾಲಿನ ಎರಡು ಚುಕ್ಕಿಗಳ ಸಂದಿಗೆ ಬರಲಿ. ೭ ಬಂದಾಗ ನಿಲ್ಲಿಸು. ಗಣಕಶಾಸ್ತ್ರದಲ್ಲಿ ಇಂಥ ಸೂಚನೆಗಳ ಸರಣಿಗೇ ಪ್ರೋಗ್ರಾಂ ಎಂದು ಹೆಸರು. ಮಾಡಿದ್ದನ್ನೇ ಮತ್ತೆ ಮಾಡುವುದು, ಪ್ರತಿಸಲವೂ ಒಂದು ಕಳೆಯುವುದು, ಯಾವಾಗ ನಿಲ್ಲಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳುವುದು—ಮೂರೂ ಇದರಲ್ಲಿ ಉಂಟು. ನಿಲ್ಲಿಸುವ ಸೂಚನೆಯನ್ನು ಮರೆತರೆ ಚುಕ್ಕಿಗಳು ಪಕ್ಕದ ಮನೆಯ ಬಾಗಿಲಿನವರೆಗೂ ಹೋದಾವು! ಒಟ್ಟು ಚುಕ್ಕಿ ಎಷ್ಟೆಂದು ಮಕ್ಕಳನ್ನು ಕೇಳಿ ನೋಡಿ. ೧೨೭ ಎಂಬ ಉತ್ತರಕ್ಕೆ ಒಬ್ಬೊಬ್ಬರು ಒಂದೊಂದು ದಾರಿಯಲ್ಲಿ ಬರುತ್ತಾರೆ.

ಇದು ಕೇವಲ ಹೋಲಿಕೆಯ ಸೊಗಸಿಗಾಗಿ ಹೇಳಿದ ಮಾತಲ್ಲ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ ಮತ್ತು ಅವರ ಸಹೋದ್ಯೋಗಿ ಕಮಲಾ ಕೃತಿವಾಸನ್ ಅವರು ತಮಿಳುನಾಡಿನ ಹೆಂಗಸರು ಬಾಗಿಲಲ್ಲಿ ಬರೆಯುವ ಕೋಲಂಗಳಿಗೆ ವ್ಯಾಕರಣವೊಂದನ್ನು ಕಟ್ಟಿ ೧೯೭೪ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಚಿತ್ರಗಳನ್ನು ಭಾಷೆಯಂತೆ ನಿಯಮಗಳಿಂದ ಹುಟ್ಟಿಸುವ ವಿದ್ಯೆಯಲ್ಲಿ ಆ ಲೇಖನವನ್ನು ವಿದ್ವಾಂಸರು ಇಂದಿಗೂ ನೆನೆಯುತ್ತಾರೆ. ಆ ಮೂವರಲ್ಲಿ ಇಬ್ಬರು ಮಹಿಳೆಯರು ಎಂಬುದನ್ನು ನಮ್ಮ ಹುಡುಗಿಯರಿಗೆ ಹೇಳಲೇಬೇಕು.

ನಮ್ಮ ಭಾಷೆಯಲ್ಲಿಯೇ ಇದಕ್ಕೆ ಸಲಕರಣೆಯೂ ಒದಗಿದೆ. ಮಕ್ಕಳಿಗೆ ಗಣಕವನ್ನು ಆಟದಂತೆ ಕಲಿಸಲೆಂದು ೧೯೬೭ರಲ್ಲಿ ಅಮೆರಿಕದಲ್ಲಿ ಸೀಮೋರ್ ಪ್ಯಾಪರ್ಟ್ ಮತ್ತು ಸಂಗಡಿಗರು ರೂಪಿಸಿದ ಲೋಗೋ ಎಂಬ ಭಾಷೆಯನ್ನು ಡಾ. ಯು. ಬಿ. ಪವನಜ ಅವರು ಕನ್ನಡಕ್ಕೆ ತಂದಿದ್ದಾರೆ. ಪರದೆಯ ಮೇಲಿನ ಆಮೆಗೆ 'ಇಷ್ಟು ಹೋಗು, ಇಷ್ಟು ತಿರುಗು' ಎಂದು ಅಪ್ಪಣೆ ಕೊಟ್ಟರೆ ಅದು ಗೆರೆ ಎಳೆಯುತ್ತ ಹೋಗುತ್ತದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂದು ಬೆಳೆಯುವ ಈ ಸೀಮೆಯ ಮಕ್ಕಳಿಗೆ, ಯಂತ್ರದ ಮುಂದೆ ಕುಳಿತ ಮೊದಲ ದಿನವೇ ಇಂಗ್ಲಿಷಿನ ಗೋಡೆಯನ್ನೂ ಹತ್ತಿಸಬೇಕೆ?

ಇನ್ನು ರೇಷ್ಮೆಯ ವಿಷಯ. ಶಿಡ್ಲಘಟ್ಟವೆಂದರೆ ಗೂಡು, ಗೂಡೆಂದರೆ ಶಿಡ್ಲಘಟ್ಟ. ರಾಜ್ಯದ ದೊಡ್ಡ ಗೂಡಿನ ಮಾರುಕಟ್ಟೆಗಳಲ್ಲಿ ಇದೂ ಒಂದು. ಹುಳು ಮನೆಯ ಕೆಲಸವನ್ನು ಬಲ್ಲವರಿಗೆ ಅದರ ಬಹುಪಾಲು ಯಾರ ಹೆಗಲ ಮೇಲಿದೆಯೆಂದು ಬೇರೆ ಹೇಳಬೇಕಾಗಿಲ್ಲ. ಸೊಪ್ಪು ಕತ್ತರಿಸಿ ಹಾಕುವವಳು ತಾಯಿ. ಹುಳು ಜ್ವರಕ್ಕೆ ಕುಳಿತಿತೆಂದು ಗುರುತಿಸಿ ಸೊಪ್ಪು ನಿಲ್ಲಿಸುವವಳೂ ಅವಳೇ. ಹುಳುವಿಗೆ ನಾಲ್ಕು ಜ್ವರ, ಐದು ಹಂತ. ಕೊನೆಯ ಹಂತದಲ್ಲಿಯೇ ಅದು ತನ್ನ ಆಯುಷ್ಯದ ಆಹಾರದ ಬಹುಭಾಗವನ್ನು ತಿಂದು ಮುಗಿಸುತ್ತದೆ. ಸೆಕೆ ಏರಿದರೆ ಕಿಟಕಿ ತೆರೆ, ಗಾಳಿ ಒಣಗಿದರೆ ಒದ್ದೆ ಗೋಣಿ ಕಟ್ಟು, ಹುಳು ಹಣ್ಣಾದರೆ ಚಂದ್ರಿಕೆಗೆ ಬಿಡು. 'ಹೀಗಾದರೆ ಹೀಗೆ ಮಾಡು, ಇಲ್ಲವಾದರೆ ಹಾಗೆ' ಎಂಬ ಈ ಕಟ್ಟನ್ನೇ ಒಂಬತ್ತನೆಯ ತರಗತಿಯ ಮಕ್ಕಳು ಎಲ್ಲಿಂದಲೋ ತಂದ ಉದಾಹರಣೆಗಳ ಮೂಲಕ ಉರುಹಾಕುತ್ತಾರೆ. ಒಂದು ತಾಪಮಾಪಕ, ಒಂದು ಹಾಳೆ, ಒಂದು ತಿಂಗಳು: ದಿನಕ್ಕೆ ಮೂರು ಸಲ ಹುಳು ಮನೆಯ ಶಾಖವನ್ನು ಬರೆದು ತಂದು ಶಾಲೆಯ ಯಂತ್ರದಲ್ಲಿ ಕೋಷ್ಟಕ ಮಾಡಲಿ. ಆ ಕೋಷ್ಟಕವನ್ನು ಓದಿ ಹೇಳಬಲ್ಲ ಪಂಡಿತೆ ಮನೆಯಲ್ಲೇ ಇದ್ದಾಳೆ.

ಗೂಡಿನ ಮಾರುಕಟ್ಟೆಯ ಹರಾಜಂತೂ ಈಗ ಗಣಕದ ಮೂಲಕವೇ ನಡೆಯುತ್ತದೆ. ಅಪ್ಪನ ಲಾಟಿಗೆ ಯಾವ ಬೆಲೆ ಗೆದ್ದಿತು, ಹೇಗೆ ಗೆದ್ದಿತು ಎಂದು ಮಗಳು ತಿಳಿದುಕೊಂಡರೆ ಅದು ಪಾಠವೂ ಹೌದು, ಮನೆಗೆ ಕಾವಲೂ ಹೌದು.

ರೇಷ್ಮೆಗೂ ಗಣಕಯಂತ್ರಕ್ಕೂ ಹಳೆಯ ನೆಂಟಸ್ತನವೊಂದುಂಟು. ನೆರೆಯ ದೊಡ್ಡಬಳ್ಳಾಪುರದಲ್ಲಿ ಸೀರೆಗೆ ಹೂಬಳ್ಳಿ ಮೂಡಿಸುವ ಜಕಾರ್ಡ್ ಮಗ್ಗವನ್ನು ಓದುಗರು ನೋಡಿರಬಹುದು. ೧೮೦೪ರ ಸುಮಾರಿಗೆ ಫ್ರಾನ್ಸಿನ ಲಿಯಾನ್ ಪಟ್ಟಣದ ರೇಷ್ಮೆ ನೇಕಾರರಿಗಾಗಿ ಹುಟ್ಟಿದ ಉಪಾಯವದು. ರಟ್ಟಿನಲ್ಲಿ ತೂತಿದ್ದರೆ ಎಳೆ ಏಳುತ್ತದೆ, ಇಲ್ಲವಾದರೆ ಇಲ್ಲ. ಇಂಗ್ಲೆಂಡಿನ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಈ ತೂತಿನ ರಟ್ಟುಗಳನ್ನೇ ಎರವಲು ಪಡೆದ. ಆ ಯಂತ್ರ ಪೂರ್ತಿಯಾಗಲೇ ಇಲ್ಲ. ಆದರೂ ಅದು ಲೆಕ್ಕವೊಂದನ್ನು ಹಂತಹಂತವಾಗಿ ಹೇಗೆ ಮಾಡಬೇಕೆಂದು ೧೮೪೩ರಲ್ಲಿ ಬರೆದು ಅಚ್ಚುಹಾಕಿಸಿದವಳು ಏಡಾ ಲವ್‌ಲೇಸ್ ಎಂಬ ಮಹಿಳೆ. ನೂರು ವರ್ಷದ ಮೇಲೆ, ೧೯೪೬ರಲ್ಲಿ, ಅಮೆರಿಕದ ಎನಿಯಾಕ್ ಯಂತ್ರವನ್ನು ಪತ್ರಕರ್ತರಿಗೆ ತೋರಿಸಿದಾಗ ಅದಕ್ಕೆ ಲೆಕ್ಕ ಹೂಡಿದ್ದ ಆರು ಮಂದಿ ಹೆಂಗಸರನ್ನು ಯಾರೂ ಪರಿಚಯಿಸಲಿಲ್ಲ. ಬೆಂಚಿನ ತುದಿಯ ಕತೆ ನಮ್ಮೂರಿನದು ಮಾತ್ರವಲ್ಲ, ನೋಡಿ.

ಗೌರಿಬಿದನೂರಿನ ಮಕ್ಕಳ ಭಾಗ್ಯ ಬೇರೆ ಬಗೆಯದು. ಭಾಭಾ ಪರಮಾಣು ಸಂಶೋಧನ ಕೇಂದ್ರಕ್ಕೆ ಸೇರಿದ, ೧೯೬೫ರಲ್ಲಿ ಆರಂಭವಾದ ಭೂಕಂಪ ಮಾಪನ ಜಾಲ ಅಲ್ಲಿದೆ. ಇಂಗ್ಲಿಷಿನ 'ಎಲ್' ಅಕ್ಷರದಂತೆ ಹೊಲಗಳ ನಡುವೆ ಹರಡಿರುವ ೨೦ ಮಾಪಕಗಳು. ದೂರದೇಶದಲ್ಲಿ ನೆಲ ನಡುಗಿದರೆ ಅಲೆ ಒಂದು ಮಾಪಕವನ್ನು ಮೊದಲು, ಇನ್ನೊಂದನ್ನು ತುಸು ತಡವಾಗಿ ಮುಟ್ಟುತ್ತದೆ. ಆ ತಡದಿಂದಲೇ ಅಲೆ ಬಂದ ದಿಕ್ಕನ್ನು ಲೆಕ್ಕಹಾಕುತ್ತಾರೆ. ಊರ ಕಲ್ಯಾಣಿಗೆ ಒಂದು ಕಲ್ಲು ಹಾಕಿ, ದಂಡೆಯ ಮೂರು ಕಡೆ ಮೂವರನ್ನು ಗಡಿಯಾರದೊಡನೆ ಕೂಡಿಸಿ, ತೆರೆ ಯಾರನ್ನು ಯಾವಾಗ ಮುಟ್ಟಿತೆಂದು ಬರೆದುಕೊಂಡು, ಕಲ್ಲು ಬಿದ್ದ ಜಾಗ ಗೊತ್ತಿಲ್ಲದವರಿಂದ ಅದನ್ನು ಹುಡುಕಿಸಿದರೆ ಅದೇ ವಿದ್ಯೆಯ ಬಾಲಪಾಠವಾಗುತ್ತದೆ. ಇದೇ ತಾಲ್ಲೂಕಿನ ಹೊಸೂರಿನಿಂದ ಹೊರಟು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದ ಡಾ. ಎಚ್. ನರಸಿಂಹಯ್ಯನವರು ಪ್ರಶ್ನೆ ಕೇಳಿ ಒಪ್ಪಿಕೊಳ್ಳಿರೆಂದು ಜೀವಮಾನವೆಲ್ಲ ಸಾರಿದವರು. ಇಂಥ ಪಾಠ ಅವರಿಗೆ ಮೆಚ್ಚಿಕೆಯಾಗುತ್ತಿತ್ತು.

ಚಿಂತಾಮಣಿಯಲ್ಲಿ ಟೊಮೇಟೊ ಬೆಲೆ ಸಾಕು. ೨೦೨೩ರ ಜುಲೈನಲ್ಲಿ ಕಿಲೋ ನೂರು ರೂಪಾಯಿ ದಾಟಿದ ಹಣ್ಣನ್ನೇ ಕೆಲವು ವರ್ಷಗಳಲ್ಲಿ ರಸ್ತೆಗೆ ಸುರಿದದ್ದನ್ನು ಮಕ್ಕಳು ಕಣ್ಣಾರೆ ಕಂಡಿದ್ದಾರೆ. ಚಿಕ್ಕಬಳ್ಳಾಪುರದವರಿಗೆ ಹೂವೂ ದ್ರಾಕ್ಷಿಯೂ ಇವೆ. ಹತ್ತಿರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರಿದ್ದಿದ್ದರೆ ಇವೆಲ್ಲಕ್ಕೂ ಅಂಕಿಅಂಶ ಎಲ್ಲಿ ಎಂದು ಕೇಳದೆ ಬಿಡುತ್ತಿರಲಿಲ್ಲ.

ಆರನೆಯ ತರಗತಿಯಿಂದಲೇ ಪ್ರೋಗ್ರಾಂ ರಚನೆಯ ಪರಿಚಯ ಮಾಡಿಸಬೇಕೆಂದು ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು. ಗಡಿಯಾಚೆಯ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳ ಸರ್ಕಾರದ ಗಣಕ ಪಠ್ಯವನ್ನು ಕನ್ನಡದಲ್ಲಿಯೇ, ಉಚಿತ ತಂತ್ರಾಂಶದ ಮೇಲೆ ಓದುತ್ತಿದ್ದಾರೆ. ಪುಸ್ತಕಕ್ಕೂ ಯಂತ್ರಕ್ಕೂ ದಾರಿ ಇದೆಯೆಂದಾಯಿತು. ಉಳಿದದ್ದು ಬೆಂಚಿನ ಮೇಲೆ ಯಾರು ಎಲ್ಲಿ ಕುಳಿತುಕೊಳ್ಳಬೇಕೆಂಬ ಪ್ರಶ್ನೆ.

ಇದಕ್ಕೆ ಖರ್ಚಿಲ್ಲದ ಒಂದು ಕಟ್ಟಳೆ ಸಾಕು. ಯಂತ್ರದ ಮುಂದೆ ಇಬ್ಬರು. ಒಬ್ಬರು ಹೇಳುವವರು, ಒಬ್ಬರು ಒತ್ತುವವರು. ಹತ್ತು ನಿಮಿಷಕ್ಕೆ ಗಂಟೆ ಬಾರಿಸಿದಾಗ ಅದಲುಬದಲು. ದೊಡ್ಡ ಕಂಪನಿಗಳಲ್ಲಿ ಕೂಡ ಪ್ರೋಗ್ರಾಂ ಬರೆಯುವವರು ಹೀಗೆ ಜೋಡಿಯಾಗಿ ಕೂರುವ ಪದ್ಧತಿ ಉಂಟು. ಅಭ್ಯಾಸದ ಹೊತ್ತು ಶಾಲೆಯ ವೇಳೆಯೊಳಗೇ ಇರಬೇಕು. ಸಂಜೆ ಐದರ ಮೇಲೆ ಎಂದರೆ ಹುಡುಗ ಸೈಕಲ್ ಹತ್ತಿ ಬಂದಾನು. ಹುಡುಗಿಗೆ ಹಳ್ಳಿಯ ಬಸ್ಸು ತಪ್ಪುತ್ತದೆ, ಮನೆಯಲ್ಲಿ ಸೊಪ್ಪು ಹಾಕುವ ಹೊತ್ತೂ ಆಗಿರುತ್ತದೆ. ಮನೆಯ ಮೊಬೈಲೊ, ಅದು ಅಣ್ಣನ ಜೇಬಿನಲ್ಲಿ. ಪಟ್ಟಣದ ನಮ್ಮ ಮನೆಗಳಲ್ಲಿ ಮಗನ ಮೇಜಿನ ಮೇಲೆ ಕಂಪ್ಯೂಟರು, ಮಗಳಿಗೆ ಅವನು ಎದ್ದುಹೋದ ಮೇಲೆ ಸರದಿ ಎಂಬ ಏರ್ಪಾಡು ಎಷ್ಟು ಕಡೆ ಇದೆಯೋ, ಅದನ್ನು ಆಯಾ ತಾಯಿತಂದೆಯರೇ ಬಲ್ಲರು.

ಹುಡುಗರನ್ನೂ ಅಂಗಳಕ್ಕೆ ಇಳಿಸಬೇಕು. ಸುಣ್ಣದ ಪುಡಿ ಕೈಗೆ ಕೊಟ್ಟು, "೧೩ ರಿಂದ ೭, ಸಂದು ಚುಕ್ಕಿ" ಎನ್ನಿ. ಮೊದಲ ದಿನ ೧೨೭ರ ಬದಲು ೧೨೪ ಬರುವುದು, ಹುಡುಗಿಯರು ನಗುವುದು ಎರಡೂ ಖಂಡಿತ. ಎಲ್ಲಿ ಬಿಟ್ಟುಹೋಯಿತೆಂದು ಸಾಲುಸಾಲಾಗಿ ಹುಡುಕುವ ಕೆಲಸಕ್ಕೆ ಗಣಕದವರು ಡೀಬಗ್ಗಿಂಗ್ ಎನ್ನುತ್ತಾರೆ. ಆ ಹೊತ್ತಿಗೆ ಬೆಂಚಿನ ತುದಿಯ ಹುಡುಗಿಯನ್ನೇ ಕರೆಯಬೇಕಾಗುತ್ತದೆ.