ಹಗ್ಗ ಎದ್ದು ನಿಂತಿತು!

ದೂರದಿಂದ ಕಂಡರೆ ಯಾವುದೋ ವನದೇವತೆ. ನಾಲ್ಕು ಹೆಜ್ಜೆ ಮುಂದಿಟ್ಟರೆ ಆಳೆತ್ತರದ ಹೂವು. ಮೂಗು ತಾಗುವಷ್ಟು ಹತ್ತಿರ ಹೋದರೆ... ಅರೆ, ಇದು ಹಗ್ಗ! ಮೂಟೆ ಕಟ್ಟುವಂಥ ನಾರಿನ ಹಗ್ಗ!

ದೆಹಲಿಯ ಜೈಪುರ ಹೌಸ್‌ನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ 2015ರ ಜನವರಿ ಕೊನೆಗೆ ಇಂಥ ಹಗ್ಗಕ್ಕೆ ರೂಪ ಕೊಟ್ಟ ಶಿಲ್ಪಿ ಮೃಣಾಲಿನಿ ಮುಖರ್ಜಿಯವರ ನಾಲ್ಕು ದಶಕಗಳ ಶಿಲ್ಪಗಳು ಒಂದೆಡೆ ಸೇರಿದವು. ಕಲಾವಿದೆ ಮಾತ್ರ ಆಸ್ಪತ್ರೆಯಲ್ಲಿದ್ದರು. ಫೆಬ್ರುವರಿಯಲ್ಲಿ, 65ರ ವಯಸ್ಸಿಗೆ, ಹೋಗಿಯೇಬಿಟ್ಟರು. ಸಂಭ್ರಮಕ್ಕೆಂದು ಜೋಡಿಸಿದ್ದ ಪ್ರದರ್ಶನ ಇದ್ದಲ್ಲೇ ಶ್ರದ್ಧಾಂಜಲಿಯಾಯಿತು.

ಆದರೆ ಆ ಶಿಲ್ಪಗಳ ಮುಂದೆ ಸೂತಕದ ಮುಖ ಹೊತ್ತು ನಿಲ್ಲುವುದು ಹೇಗೆ? ಒಂದು ಮಡಿಕೆಯನ್ನೇ ನೋಡಿ. ಗಂಟಿನ ಪಕ್ಕ ಗಂಟು, ಅದರ ಕೆಳಗೆ ಮತ್ತೊಂದು ಸಾಲು. ಸಾಲುಗಳು ಒತ್ತೊತ್ತಾಗಿ ದಪ್ಪನೆಯ ತುಟಿಯಂತೆ ಹೊರಚಾಚಿ, ಹಠಾತ್ತನೆ ಒಳಕ್ಕೆ ತಿರುಗಿ ಕತ್ತಲಲ್ಲಿ ಮಾಯ! ಅಲ್ಲಿ ಕೇಸರಿ, ಇಲ್ಲಿ ಕಡುನೇರಳೆ. ಮಗ್ಗವಿಲ್ಲ, ಮೊದಲೇ ಬರೆದಿಟ್ಟ ನಕ್ಷೆಯಿಲ್ಲ. ಹಗ್ಗಕ್ಕೆ ಬಣ್ಣ ಕಟ್ಟಿ, ಗಂಟು ಹಾಕುತ್ತ ಹಾಕುತ್ತ ರೂಪ ಎಲ್ಲಿಗೆ ಎಳೆಯುತ್ತದೋ ಅಲ್ಲಿಗೆ ಹೋಗುವುದು. ಒಂದೊಂದಕ್ಕೆ ತಿಂಗಳುಗಟ್ಟಲೆ! ‘ಯಕ್ಷಿ’, ‘ವನಶ್ರೀ’, ‘ಪುಷ್ಪ’ ಎಂದೆಲ್ಲ ಹೆಸರಿಟ್ಟರು. ಇವಾವುವೂ ಪೂಜೆಯ ವಿಗ್ರಹಗಳಲ್ಲ. ಹಾಗಿದ್ದೂ ಎದುರು ನಿಂತವರಿಗೆ ಕೈಮುಗಿಯಬೇಕೆನ್ನಿಸಿದರೆ ಅದು ಅವರ ತಪ್ಪಲ್ಲ.

ಈ ಬೆರಳುಗಳು ಬಂದದ್ದಾದರೂ ಎಲ್ಲಿಂದ? ತಂದೆ ಶಾಂತಿನಿಕೇತನದ ಕಲಾವಿದ ಬಿನೋದ್ ಬಿಹಾರಿ ಮುಖರ್ಜಿ. ಕಣ್ಣು ಪೂರ್ತಿ ಹೋದ ಮೇಲೂ ಕಲೆ ಬಿಡದೆ ಕಾಗದ ಕತ್ತರಿಸಿ ಅಂಟಿಸಿ ಚಿತ್ರ ಮಾಡಿದವರು. ತಾಯಿ ಲೀಲಾ ಶಿಲ್ಪಿ. ಬರೋಡದಲ್ಲಿ ಗುರು ಕೆ.ಜಿ. ಸುಬ್ರಮಣ್ಯನ್, ಕಸುಬು ಬೇರೆ, ಕಲೆ ಬೇರೆ ಎಂಬ ಗೋಡೆಯನ್ನೇ ಒಪ್ಪದ ಮನುಷ್ಯ. ಹಗ್ಗದ ಕೆಲಸ ಕಂಡು ‘ಕರಕುಶಲ ಕಲೆ’ ಎಂದು ಮೂಗು ಮುರಿದವರೂ ಇದ್ದರೆನ್ನಿ. ಇರಲಿ, 2019ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಇದೇ ಗಂಟುಗಳನ್ನು ಮೆರೆಸಿತು.

ಇಷ್ಟಕ್ಕೇ ಮುಗಿಯಿತೆಂದು ಹೊರಡಬೇಡಿ, ಕಂಚು ಬಾಕಿ ಇದೆ! ಐವತ್ತು ದಾಟಿದ ಮೇಲೆ ಮೃಣಾಲಿನಿ ಲೋಹಕ್ಕೆ ಕೈಹಾಕಿದರು. ಮೇಣದಲ್ಲಿ ರೂಪ ತಿದ್ದಿ ಎರಕ ಹೊಯ್ಯುವ ನಮ್ಮ ಹಳೆಯ ಪದ್ಧತಿಯೇ. ತಾಳೆಗರಿಯಂಥ ಎಲೆಗಳು ಕಂಚಿನಲ್ಲಿ ಸೀಳಿ, ಸುರುಳಿ ಸುತ್ತಿ, ಹಬ್ಬಿ ಬಿದ್ದಿವೆ. ಅವುಗಳ ಮೈಮೇಲಿನ ಆ ಸೂಕ್ಷ್ಮ ಕೆಲಸಕ್ಕೆ ಬಳಸಿದ ಉಪಕರಣಗಳು ಯಾವುವು ಗೊತ್ತೆ? ದಂತವೈದ್ಯರೊಬ್ಬರಿಂದ ತಂದ, ಹಲ್ಲು ಕೆರೆಯುವಂಥವು!