ಮಣ್ಣಿನ ಮಡಕೆಯಲ್ಲಿಟ್ಟ ಕ್ರಯಪತ್ರ

ಆಗಮನ ಕಾಲ ಬಂತೆಂದರೆ ನಮ್ಮ ದೇವಾಲಯಗಳ ವಾಚನಪೀಠದಿಂದ ಪ್ರವಾದಿಗಳ ಧ್ವನಿ ಮತ್ತೆ ಕೇಳತೊಡಗುತ್ತದೆ. ಕ್ರಿಸ್ತಜಯಂತಿಯ ನಡುರಾತ್ರಿಯ ಬಲಿಪೂಜೆಯಲ್ಲಿ ಯೆಶಾಯನ ವಾಚನ. ಶುಭ ಶುಕ್ರವಾರದ ಆರಾಧನೆಯಲ್ಲಿ ಪುನಃ ಯೆಶಾಯನ ವಾಚನ. ವರ್ಷವರ್ಷವೂ ಕೇಳಿ ಪರಿಚಿತವಾದ ಈ ಮಾತುಗಳು ಎಷ್ಟೋ ಸಲ ಕಿವಿಗೆ ಬಿದ್ದು ಹಾಗೆಯೇ ಜಾರಿಹೋಗುತ್ತವೆ. ನಾಳೆ ಏನಾಗುವುದೋ ಎಂಬ ಪ್ರಶ್ನೆ ನಮ್ಮನ್ನು ನಿಜವಾಗಿ ಕಾಡುವುದು ಮನೆಗೆ ಸಂಕಟ ಬಂದಾಗ.

ಕೆಲವು ವರ್ಷಗಳ ಹಿಂದೆ ಮನೆಗಳ ಆಶೀರ್ವಾದಕ್ಕೆಂದು ಹೊರಟಿದ್ದೆವು. ಒಂದು ಮನೆಯಲ್ಲಿ ಯಜಮಾನರು ಹಾಸಿಗೆ ಹಿಡಿದಿದ್ದರು, ಮಗನಿಗೆ ಕೆಲಸವಿರಲಿಲ್ಲ. ಆ ಮನೆಯ ತಾಯಿ ನೆರೆಯವರ ಮಾತು ಕೇಳಿ ಭವಿಷ್ಯ ಹೇಳುವವನೊಬ್ಬನ ಬಳಿಗೆ ಹೋಗಿಬಂದಿದ್ದರು. ಅದನ್ನು ಅವರು ನಮ್ಮಿಂದ ಮುಚ್ಚಿಡಲಿಲ್ಲ. "ಸ್ವಾಮಿ, ಮಾಡಿದ್ದು ತಪ್ಪು ಎಂದು ಗೊತ್ತು. ಆದರೆ ಅವನು ಒಂದು ತಾರೀಖನ್ನಾದರೂ ಹೇಳಿದ. ನಮ್ಮ ಬೈಬಲಿನಲ್ಲಿ ಇಷ್ಟೊಂದು ಪ್ರವಾದಿಗಳಿದ್ದಾರಲ್ಲ, ಅವರು ನಮಗೆ ಏನು ಹೇಳುತ್ತಾರೆ?" ಎಂದು ಕೇಳಿದರು. ಶಕುನ, ಕಣಿ, ಜಾತಕಗಳ ಮೊರೆಹೋಗುವುದನ್ನು ಧರ್ಮಸಭೆ ನಿಷೇಧಿಸಿದೆ ಎಂದು ನೆನಪಿಸಿ ನಾವು ಹಿಂದಿರುಗಿದೆವು. ಹೇಳಿದ ಮಾತು ಸರಿಯಾಗಿತ್ತು. ಆದರೆ ಆ ತಾಯಿ ಕೇಳಿದ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಂದು ಈ ಅಂಕಣದಲ್ಲಿ ಕೊಡಲು ಯತ್ನಿಸುತ್ತಿದ್ದೇವೆ.

ತಾರೀಖು ಹೇಳಿದ ಪ್ರವಾದಿ

ಇದೇ ಪ್ರಶ್ನೆಯನ್ನು ಜೆರುಸಲೇಮಿನ ಜನರೂ ಒಮ್ಮೆ ಕೇಳಿದ್ದರು. ಕ್ರಿಸ್ತಪೂರ್ವ 597ರಲ್ಲಿ ಬಾಬಿಲೋನಿಯದ ಅರಸ ನೆಬೂಕದ್ನೆಚ್ಚರನು ಆ ನಗರವನ್ನು ಮಣಿಸಿ, ಅದರ ಅರಸನನ್ನೂ ಪ್ರಮುಖರನ್ನೂ ಕುಶಲಕರ್ಮಿಗಳನ್ನೂ ಸೆರೆಯಾಗಿ ಒಯ್ದನು. ಹೋದವರು ಎಂದು ಹಿಂದಿರುಗುವರು? ಹನನ್ಯನೆಂಬ ಪ್ರವಾದಿ ದೇವಾಲಯದಲ್ಲಿ ಯಾಜಕರ ಹಾಗೂ ಜನರ ಸಮ್ಮುಖದಲ್ಲಿ ನಿಂತು, ಇನ್ನು ಎರಡೇ ವರ್ಷಗಳಲ್ಲಿ ಎಲ್ಲವೂ ಸರಿಹೋಗುವುದೆಂದು ಸಾರಿದನು. ಜನರಿಗೆ ಬೇಕಾಗಿದ್ದುದೂ ಅದೇ ಮಾತು. ಅಲ್ಲಿಯೇ ಇದ್ದ ಯೆರೆಮೀಯನು, ಹಾಗಾದರೆ ಒಳಿತೇ ಆಯಿತೆಂದು ಮನಸಾರೆ ಬಯಸಿದನು. ಆದರೆ ಸಮಾಧಾನವನ್ನು ಸಾರುವ ಪ್ರವಾದಿಯ ನಿಜಸ್ಥಿತಿ ಅವನ ಮಾತು ನೆರವೇರಿದಾಗಲೇ ತಿಳಿಯುವುದೆಂದು ಎಚ್ಚರಿಸಿದನು. ಆ ವರ್ಷವೇ ಹನನ್ಯನು ತೀರಿಕೊಂಡನು. ಎರಡು ವರ್ಷ ಕಳೆದವು, ಸೆರೆಹೋದವರು ಬರಲಿಲ್ಲ.

ಯೆರೆಮೀಯನು ಸೆರೆಯಲ್ಲಿದ್ದವರಿಗೆ ಬರೆದ ಪತ್ರ ಬೇರೆಯೇ ಬಗೆಯದು. ಮನೆಗಳನ್ನು ಕಟ್ಟಿಕೊಳ್ಳಿರಿ, ತೋಟ ಮಾಡಿ ಅದರ ಫಲವನ್ನು ತಿನ್ನಿರಿ, ಮಕ್ಕಳಿಗೆ ಮದುವೆ ಮಾಡಿರಿ, ನೀವಿರುವ ಪರನಗರದ ಕ್ಷೇಮಕ್ಕಾಗಿಯೂ ಪ್ರಾರ್ಥಿಸಿರಿ ಎಂದು ಅದರಲ್ಲಿ ಬರೆದನು. ಬಿಡುಗಡೆ ನಿಶ್ಚಯ, ಆದರೆ ಅದಕ್ಕೆ ಎಪ್ಪತ್ತು ವರ್ಷ ತುಂಬಬೇಕು. ಅಂದರೆ, ಪತ್ರವನ್ನು ಓದಿದ ಹಿರಿಯರಲ್ಲಿ ಯಾರೂ ಆ ದಿನವನ್ನು ಕಾಣಲಾರರು. ಹನನ್ಯನ ಮಾತನ್ನು ನಂಬಿದವನು ಕೈಕಟ್ಟಿ ಕುಳಿತು ದಿನ ಎಣಿಸಬಹುದಿತ್ತು. ಯೆರೆಮೀಯನ ಮಾತನ್ನು ನಂಬಿದವನು ಮರುದಿನ ಬೆಳಿಗ್ಗೆಯೇ ಗುದ್ದಲಿ ಹಿಡಿದು ತೋಟಕ್ಕೆ ಇಳಿಯಬೇಕಾಗಿತ್ತು.

ಹದಿನೇಳು ಬೆಳ್ಳಿ ಶೆಕೆಲುಗಳು

ಈ ನಂಬಿಕೆಗೆ ಯೆರೆಮೀಯನು ತನ್ನ ಕೈಯಿಂದಲೇ ಬೆಲೆ ತೆತ್ತನು. ಬಾಬಿಲೋನಿಯರು ಎರಡನೆಯ ಸಲ ಬಂದು ಜೆರುಸಲೇಮಿಗೆ ಮುತ್ತಿಗೆ ಹಾಕಿದ್ದರು. ನಗರ ಶತ್ರುವಶವಾಗುವುದೆಂದು ಸಾರಿದ ತಪ್ಪಿಗೆ ಅರಸನು ಪ್ರವಾದಿಯನ್ನು ಅರಮನೆಯ ಕಾವಲುಗಾರರ ಅಂಗಳದಲ್ಲಿ ಬಂಧಿಸಿಟ್ಟಿದ್ದನು. ಅಲ್ಲಿಗೆ ಅವನ ತಂದೆಯ ಸಹೋದರನ ಮಗ ಹನಮೇಲನು ಬಂದು, ಅನಾತೋತಿನಲ್ಲಿರುವ ತನ್ನ ಹೊಲವನ್ನು ಕೊಂಡುಕೊಳ್ಳೆಂದು ಕೇಳಿದನು. ಅನಾತೋತ್ ಜೆರುಸಲೇಮಿಗೆ ಸಮೀಪದ ಊರು. ಸುತ್ತಲಿನ ಸೀಮೆಯೆಲ್ಲ ಶತ್ರುಸೈನ್ಯದ ಕಾಲಡಿಯಲ್ಲಿತ್ತು. ಜಮೀನಿನ ವ್ಯವಹಾರ ಬಲ್ಲ ನಮ್ಮ ಹಿರಿಯರು ಯಾರಾದರೂ ಅಂಥ ಹೊಲಕ್ಕೆ ಮುಂಗಡ ಕೊಟ್ಟಾರೆಯೇ?

ಯೆರೆಮೀಯನು ಹದಿನೇಳು ಶೆಕೆಲ್ ಬೆಳ್ಳಿಯನ್ನು ತೂಗಿಕೊಟ್ಟನು. ಕ್ರಯಪತ್ರ ಬರೆದು, ಸಾಕ್ಷಿ ಹಾಕಿಸಿ, ಮುದ್ರೆ ಒತ್ತಿದನು. ಮುದ್ರೆಯೊತ್ತಿದ ಪತ್ರವನ್ನೂ ಅದರ ತೆರೆದ ಪ್ರತಿಯನ್ನೂ ಲೇಖಕನಾದ ಬಾರೂಕನ ಕೈಗೆ ಕೊಟ್ಟು, ಬಹುಕಾಲ ಉಳಿಯುವಂತೆ ಮಣ್ಣಿನ ಮಡಕೆಯಲ್ಲಿ ಇಡಬೇಕೆಂದು ಆಜ್ಞಾಪಿಸಿದನು. ಈ ನಾಡಿನಲ್ಲಿ ಮನೆಗಳನ್ನೂ ಹೊಲಗಳನ್ನೂ ತೋಟಗಳನ್ನೂ ಜನರು ಮತ್ತೆ ಕೊಳ್ಳುವರು ಎಂಬ ದೇವರ ವಾಗ್ದಾನಕ್ಕೆ ಆ ಪತ್ರವೇ ಗುರುತಾಯಿತು.

ಬಳಿಕ ನಗರ ಬಿದ್ದಿತು, ದೇವಾಲಯ ಸುಟ್ಟುಹೋಯಿತು. ಯೆರೆಮೀಯನನ್ನು ಅವನ ಜನರೇ ಈಜಿಪ್ಟಿಗೆ ಕರೆದೊಯ್ದರು; ಆ ಹೊಲದಲ್ಲಿ ಅವನು ಬಿತ್ತಿದ ಸುದ್ದಿ ಪವಿತ್ರ ಗ್ರಂಥದಲ್ಲಿ ಎಲ್ಲಿಯೂ ಇಲ್ಲ. ಆದರೆ ಕ್ರಿಸ್ತಪೂರ್ವ 539ರಲ್ಲಿ ಪರ್ಷಿಯದ ಅರಸ ಸೈರಸನು ಬಾಬಿಲೋನನ್ನು ಗೆದ್ದು, ಸೆರೆಯಾದವರಿಗೆ ಹಿಂದಿರುಗಲು ಅಪ್ಪಣೆ ಕೊಟ್ಟನು. ಹಾಗೆ ಹಿಂದಿರುಗಿದವರ ಪಟ್ಟಿ ಎಜ್ರನ ಗ್ರಂಥದ ಎರಡನೆಯ ಅಧ್ಯಾಯದಲ್ಲಿದೆ. ಬರಿಯ ಹೆಸರುಗಳು, ಅಂಕಿಗಳು ಎಂದು ನಾವು ದಾಟಿಹೋಗುವ ಆ ಪುಟದಲ್ಲಿ ಒಂದು ಸಾಲು ಇದೆ: ಅನಾತೋತಿನವರು 128 ಮಂದಿ. ಪ್ರವಾದಿಯ ಊರಿಗೆ ಜನ ಮರಳಿ ಬಂದರು.

ಹಿಂದಿರುಗಿ ನೋಡಿದಾಗ

ಮಣ್ಣಿನ ಮಡಕೆ ಎಷ್ಟು ಕಾಲ ಕಾಪಾಡಬಲ್ಲದೆಂಬುದಕ್ಕೆ ನಮ್ಮ ಕಾಲವೇ ಸಾಕ್ಷಿ. 1946-47ರ ಅವಧಿಯಲ್ಲಿ ಮೃತಸಮುದ್ರದ ದಡದ ಕುಮ್ರಾನಿನ ಗುಹೆಯೊಂದರಲ್ಲಿ ಬೆದೂಯಿನ್ ಕುರುಬರಿಗೆ ಮಡಕೆಗಳೂ ಅವುಗಳಲ್ಲಿ ಪುರಾತನ ಸುರುಳಿಗಳೂ ದೊರೆತವು. ಅಲ್ಲಿ ಸಿಕ್ಕಿದ ಯೆಶಾಯನ ಮಹಾಸುರುಳಿ ಏಳು ಮೀಟರಿಗೂ ಉದ್ದ. ಅದರಲ್ಲಿ ಯೆಶಾಯನ 66 ಅಧ್ಯಾಯಗಳೂ ಇವೆ. ಕ್ರಿಸ್ತಜನನಕ್ಕೆ ನೂರು ವರ್ಷಗಳಿಗೂ ಹಿಂದೆ ಅದನ್ನು ಬರೆಯಲಾಯಿತೆಂದು ವಿದ್ವಾಂಸರ ಅಭಿಪ್ರಾಯ. ಅದುವರೆಗೆ ಲಭ್ಯವಿದ್ದ ಹೀಬ್ರೂ ಪೂರ್ಣಪ್ರತಿಗಳಿಗಿಂತ ಅದು ಸುಮಾರು ಸಾವಿರ ವರ್ಷ ಹಳೆಯದು. ಕಾಗುಣಿತದಲ್ಲೂ ಕೆಲವು ಪದಗಳಲ್ಲೂ ವ್ಯತ್ಯಾಸಗಳಿದ್ದರೂ ಗ್ರಂಥ ಅದೇ. ಸಂಕಟಪಡುವ ದಾಸನ ಕುರಿತಾದ 53ನೆಯ ಅಧ್ಯಾಯವನ್ನು ಕ್ರೈಸ್ತರು ಅನಂತರ ತಮಗೆ ಬೇಕಾದಂತೆ ಬರೆದುಕೊಂಡರೆಂದು ಈಗ ಯಾರೂ ಹೇಳಲಾರರು. ಅದೇ ಅಧ್ಯಾಯದ 11ನೆಯ ವಚನದಲ್ಲಿ, ದಾಸನು ವೇದನೆಯ ಬಳಿಕ ಕಾಣುವುದು 'ಬೆಳಕನ್ನು' ಎಂಬ ಪದ ಈ ಸುರುಳಿಯಲ್ಲಿದೆ. ನಂತರದ ಹೀಬ್ರೂ ಪ್ರತಿಗಳಲ್ಲಿ ಅದು ಇರಲಿಲ್ಲ.

ಆದರೂ ಸಂಶಯಪಡುವವನ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಪ್ರವಾದನೆ ಹಳೆಯದಿರಬಹುದು, ಅದಕ್ಕೆ ಹೊಂದುವಂತೆ ಯೇಸುವಿನ ಕಥೆಯನ್ನು ಶಿಷ್ಯರು ಹೆಣೆದಿರಬಾರದೇಕೆ? ತತ್ತ್ವಶಾಸ್ತ್ರ ಕಲಿಯುತ್ತಿದ್ದ ದಿನಗಳಲ್ಲಿ ಈ ಪ್ರಶ್ನೆ ನಮ್ಮನ್ನೂ ಕಾಡಿತ್ತು. ಶುಭಸಂದೇಶಗಳನ್ನು ನಿಧಾನವಾಗಿ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಸಂಕಟಪಡುವ ಕ್ರಿಸ್ತನನ್ನು ಶಿಷ್ಯರು ನಿರೀಕ್ಷಿಸಿರಲೇ ಇಲ್ಲ. ಸ್ವಾಮಿ ತಮ್ಮ ಮರಣದ ಮಾತೆತ್ತಿದಾಗ ಪೇತ್ರನು ಅವರನ್ನು ತಡೆದನು. ಎಮ್ಮಾವುಸಿನ ದಾರಿಯಲ್ಲಿ ನಡೆದ ಇಬ್ಬರಿಗೆ ಶಿಲುಬೆಯೆಂದರೆ ಎಲ್ಲ ನಿರೀಕ್ಷೆಯ ಕೊನೆಯಾಗಿತ್ತು. ಪುನರುತ್ಥಾನರಾದ ಸ್ವಾಮಿ ಜೊತೆಯಲ್ಲಿ ನಡೆದು ಪ್ರವಾದಿಗಳ ಮಾತನ್ನು ವಿವರಿಸಿದ ಮೇಲೆಯೇ ಅವರಿಗೆ ಹಳೆಯ ಗ್ರಂಥದ ಅರ್ಥ ತೆರೆಯಿತು. ತಾವು ಎಂದೂ ಬಯಸದಿದ್ದ ಕಥೆಯನ್ನು ಅವರು ಹೇಗೆ ಹೆಣೆದಾರು?

ವ್ಯಾಟಿಕನ್ನಿನ ಬೈಬಲ್ ಆಯೋಗ 2001ರಲ್ಲಿ ಪ್ರಕಟಿಸಿದ ಪತ್ರವೂ ಇದೇ ವಿವೇಕವನ್ನು ಕಲಿಸುತ್ತದೆ. ಹಳೆಯ ಒಡಂಬಡಿಕೆಯ ಪ್ರವಾದನೆಗಳನ್ನು ಮುಂದಿನ ಘಟನೆಗಳ ಛಾಯಾಚಿತ್ರಗಳೆಂದು ಭಾವಿಸಬಾರದು; ಅವು ಮೊದಲು ತಮ್ಮ ಕಾಲದ ಇಸ್ರಯೇಲರಿಗೆ ದೇವರಾಡಿದ ಮಾತುಗಳು, ಅವುಗಳ ಪೂರ್ಣತೆಯನ್ನು ಕ್ರೈಸ್ತರು ಕ್ರಿಸ್ತನ ಬೆಳಕಿನಲ್ಲಿ ಹಿಂದಿರುಗಿ ನೋಡಿ ಕಂಡುಕೊಳ್ಳುತ್ತಾರೆ. ಆದಕಾರಣ ಅದೇ ಗ್ರಂಥವನ್ನು ಬೇರೆಯಾಗಿ ಓದುವ ಯೆಹೂದ್ಯರನ್ನು ಹೀಗಳೆಯುವ ಹಕ್ಕು ನಮಗಿಲ್ಲ. ಆ ಮಡಕೆಯನ್ನು ಕಾಪಾಡಿಕೊಂಡು ಬಂದವರು ಅವರೇ.

ಎರಡನೆಯ ಶತಮಾನದ ಸಂತ ಜಸ್ಟಿನರ ಜೀವನವೂ ಇಲ್ಲಿ ಸ್ಮರಣೀಯ. ಸತ್ಯವನ್ನು ಅರಸುತ್ತಾ ಅವರು ಹಲವು ತತ್ತ್ವಜ್ಞಾನಿಗಳ ಬಾಗಿಲು ತಟ್ಟಿದರು. ಕೊನೆಗೆ ಪ್ಲೇಟೋವಿನ ಅನುಯಾಯಿಯಾದರು. ಒಂದು ದಿನ ಕಡಲತಡಿಯ ಏಕಾಂತದಲ್ಲಿ ಭೇಟಿಯಾದ ವೃದ್ಧರೊಬ್ಬರು ಅವರಿಗೆ ಪ್ರವಾದಿಗಳ ಪರಿಚಯ ಮಾಡಿಕೊಟ್ಟರು. ಜಸ್ಟಿನರ ಹೃದಯದಲ್ಲಿ ಹೊತ್ತಿದ ಆ ಕಿಡಿ ಆರಲಿಲ್ಲ. ಕ್ರಿಸ್ತಶಕ 165ರ ಸುಮಾರಿಗೆ ರೋಮಿನಲ್ಲಿ ಅವರು ರಕ್ತಸಾಕ್ಷಿಯಾದರು.

ಆ ತಾಯಿಗೆ ಹೇಳಬೇಕಾಗಿದ್ದುದು

ಭವಿಷ್ಯ ಹೇಳುವವನು ಕೊಟ್ಟಿದ್ದ ತಾರೀಖು ಬಂದು ಹೋಯಿತು. ಆ ಮನೆಯ ಯಜಮಾನರು ಗುಣವಾಗಲಿಲ್ಲ. ಅವರನ್ನು ಸಮಾಧಿ ಮಾಡಿದವರು ನಾವೇ. ಅಂದು ಸಮಾಧಿಯ ಬಳಿ ನಿಂತಾಗ ನಮಗೆ ಅನಾತೋತಿನ ಹೊಲ ನೆನಪಾಯಿತು. ನಾವು ನಮ್ಮವರನ್ನು ಮಣ್ಣಿಗೆ ಒಪ್ಪಿಸುವುದೂ ಒಂದು ವಾಗ್ದಾನವನ್ನು ನಂಬಿಯೇ. ಅದು ನೆರವೇರುವ ದಿನ ಯಾವುದೆಂದು ನಮಗೆ ಯಾರೂ ಹೇಳಿಲ್ಲ. ಆ ದಿನ ತಂದೆಗೆ ಮಾತ್ರ ತಿಳಿದಿದೆ ಎಂದು ಯೇಸುಸ್ವಾಮಿಯೇ ಹೇಳಿದ್ದಾರೆ. ಆದರೆ ವಾಗ್ದಾನ ಮಾಡಿದವರು ಹಿಂದೊಮ್ಮೆ ಮಾತಿಗೆ ತಪ್ಪಲಿಲ್ಲ ಎಂಬುದು ನಮಗೆ ಗೊತ್ತಿದೆ. ಪ್ರವಾದನೆ ನಮ್ಮ ವಿಶ್ವಾಸಕ್ಕೆ ಕೊಡುವ ಬಲ ಇದು.

ಹೊಲ ಕೊಂಡ ಪ್ರಸಂಗಕ್ಕೆ ಹಿಂದಿನ ಅಧ್ಯಾಯದಲ್ಲಿಯೇ, ಹೃದಯದಲ್ಲಿ ಬರೆಯಲಾಗುವ ಹೊಸ ಒಡಂಬಡಿಕೆಯೊಂದನ್ನು ಯೆರೆಮೀಯನು ಸಾರಿದ್ದಾನೆ. ಕಡೆಯ ಭೋಜನದ ರಾತ್ರಿ ಸ್ವಾಮಿ ಪಾನಪಾತ್ರೆಯನ್ನೆತ್ತಿ ಆ ಮಾತನ್ನೇ ತಮ್ಮದಾಗಿಸಿಕೊಂಡರು; ಪ್ರತಿ ಬಲಿಪೂಜೆಯಲ್ಲೂ ನಾವು ಅದನ್ನು ಕೇಳುತ್ತೇವೆ.

ಬರುವ ಆಗಮನ ಕಾಲದಲ್ಲಿ ಪ್ರಿಯ ಕುಟುಂಬಗಳು ಒಂದು ಸಣ್ಣ ಪ್ರಯತ್ನ ಮಾಡಲಿ. ಸಂಜೆಯ ಜಪಸರ ಮುಗಿದ ಮೇಲೆ ಯೆರೆಮೀಯನ ಗ್ರಂಥದ 28ರಿಂದ 32ರವರೆಗಿನ ಅಧ್ಯಾಯಗಳನ್ನು ದಿನಕ್ಕೊಂದರಂತೆ ಓದಿರಿ. ಮಕ್ಕಳು ಓದಲಿ, ಹಿರಿಯರು ಕೇಳಲಿ. ಆಮೇಲೆ, ಫಲ ಕಾಣುವೆವೋ ಇಲ್ಲವೋ ಎಂಬ ಚಿಂತೆಯಿಲ್ಲದೆ ನಾವು ಕೊಳ್ಳಬೇಕಾದ ಹೊಲ ಯಾವುದೆಂದು ಒಟ್ಟಿಗೆ ಕುಳಿತು ಯೋಚಿಸಿರಿ. ಮಾತು ಬಿಟ್ಟ ಸಹೋದರನ ಮನೆಗೆ ಹೋಗುವುದಿರಬಹುದು, ದಾರಿ ತಪ್ಪಿದ ಮಗನಿಗಾಗಿ ಮತ್ತೊಂದು ವರ್ಷ ಪ್ರಾರ್ಥಿಸುವುದಿರಬಹುದು. ಬೆಳ್ಳಿಯನ್ನು ತೂಗಿಕೊಡುವುದಷ್ಟೇ ನಮ್ಮ ಪಾಲಿನದು. ಪತ್ರವನ್ನು ಕಾಪಾಡುವವರು ದೇವರು.